ಇದ್ರೀಸ್ ಸರಿಮಾಡಿಸಿದ ಬೂಟು

ಮೆಲ್ಬರ್ನಿನ ನಮ್ಮ ಗ್ಲೆನ್ ವೇವರ್ಲಿಯಲ್ಲಿ ವರ್ಷಕ್ಕೊಮ್ಮೆ ಮನೆಯ ಹಳೆಯ ಸಾಮಾನನ್ನೆಲ್ಲ ಒಯ್ಯಲು ಕೌನ್ಸಿಲ್ಲಿನ ಲಾರಿ ಬರುತ್ತದೆ. ಮುರಿದ ಕುರ್ಚಿ, ಕೆಟ್ಟ ಟಿ.ವಿ., ಸ್ಪ್ರಿಂಗ್ ಕಿತ್ತ ಹಾಸಿಗೆ, ಏನಿದ್ದರೂ ಹಿಂದಿನ ದಿನ ಮನೆ ಮುಂದಿನ ಹುಲ್ಲಿನ ಮೇಲೆ ತಂದಿಟ್ಟರಾಯಿತು. ಹಾರ್ಡ್ ರಬ್ಬಿಶ್ ಅಂತ ಅದಕ್ಕೆ ಹೆಸರು. ನನ್ನ ಗಂಡನಿಗೆ ಅದು ಯುಗಾದಿಗಿಂತ ದೊಡ್ಡ ಹಬ್ಬ. ಬೆಳಗ್ಗೆಯೇ ಗರಾಜಿಗೆ ನುಗ್ಗಿ ಒಂದೊಂದನ್ನೇ ಹೊರಗೆ ಸಾಗಿಸುತ್ತಾರೆ. ಪ್ರತಿ ಸಲವೂ ಶೂ ಸ್ಟ್ಯಾಂಡಿನ ಮೇಲಿನ ಹಲಗೆಯಿಂದ ಒಂದು ಜೊತೆ ಕಂದು ಬೂಟು ಕೂಡ ಹುಲ್ಲಿನ ಮೇಲೆ ಹೋಗಿ ಕೂರುತ್ತದೆ. ಪ್ರತಿ ಸಲವೂ ನಾನು ಹೋಗಿ ಅದನ್ನು ಎತ್ತಿಕೊಂಡು ಬಂದು ಮತ್ತೆ ಸ್ಟ್ಯಾಂಡಿಗೆ ಏರಿಸುತ್ತೇನೆ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಮಾತಿಲ್ಲ. ಆಡಬೇಕಾದ್ದನ್ನೆಲ್ಲ ಮೊದಲ ವರ್ಷವೇ ಆಡಿ ಮುಗಿಸಿದ್ದೇವೆ.

ಇವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆ ಬೂಟನ್ನು ನಾನು ಹಾಕಿಕೊಳ್ಳುವಂತಿಲ್ಲ, ನನ್ನ ಕಾಲಿನ ಅಳತೆಗೇ ಮಾಡಿದ್ದರಿಂದ ಬೇರೆ ಯಾರೂ ಹಾಕಿಕೊಳ್ಳುವಂತಿಲ್ಲ. ಆದರೂ ಅದು ಹುಲ್ಲಿನ ಮೇಲೆ ಕೂತಿರುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಯಾಕೆ ಎಂದು ಹೇಳಬೇಕಾದರೆ ಮೊದಲು ನನ್ನ ಕಾಲಿನ ವಿಷಯ ಹೇಳಬೇಕು.

ಮೂರು ವರ್ಷದವಳಿದ್ದಾಗ ನನಗೆ ಪೋಲಿಯೊ ಆಯಿತು. ಹಲವರಿಗೆ ಅದು ಮಾಡಿದ್ದನ್ನು ನೋಡಿದರೆ ನನ್ನ ವಿಷಯದಲ್ಲಿ ಧಾರಾಳ ತೋರಿಸಿತು ಎನ್ನಬೇಕು. ಎಡಗಾಲು ಬಲಗಾಲಿಗಿಂತ ಒಂದಂಗುಲ ಹಿಂದೆ ಉಳಿಯಿತು, ಅಷ್ಟೆ. ಅಪ್ಪ ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮೈಸೂರಿನ ಮಾರ್ಕೆಟ್ಟಿನ ಪಕ್ಕ ಮರದ ಕೆಳಗೆ ಕೂರುತ್ತಿದ್ದ ಚಪ್ಪಲಿ ರಿಪೇರಿಯವನ ಹತ್ತಿರ ಕರೆದೊಯ್ಯುತ್ತಿದ್ದರು. ಅವನು ಹಳೆಯ ಟೈರಿನ ರಬ್ಬರು ಕತ್ತರಿಸಿ, ಎಡಗಾಲಿನ ಚಪ್ಪಲಿಯ ಅಡಿಗೆ ಪದರದ ಮೇಲೆ ಪದರ ಇಟ್ಟು ಮೊಳೆ ಹೊಡೆದು ಕೊಡುತ್ತಿದ್ದ. ಬಿಸಿಲಿಗೆ ಕಾದ ರಬ್ಬರಿನ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆ ಚಪ್ಪಲಿ ಹಾಕಿಕೊಂಡರೆ ನಾನು ನೆಟ್ಟಗೆ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಆದರೆ ನಮ್ಮ ಜನ ಚಪ್ಪಲಿಯನ್ನು ಎಲ್ಲಿ ಬಿಡುತ್ತಾರೆ, ನೀವೇ ಹೇಳಿ. ಬಾಗಿಲಾಚೆ. ಮನೆಯಾಗಲಿ, ದೇವಸ್ಥಾನವಾಗಲಿ, ಸಂಗೀತದ ಮೇಷ್ಟರ ಕೋಣೆಯಾಗಲಿ, ಹೊಸ್ತಿಲ ಹತ್ತಿರ ಬಂದ ಕೂಡಲೇ ನನ್ನ ಕಾಲು ಮತ್ತೆ ಗಿಡ್ಡ. ಹೀಗಾಗಿ ಬೀದಿಯವರ ಪಾಲಿಗೆ ನಾನು ಠೀವಿಯಿಂದ ನಡೆಯುವ ಹುಡುಗಿ, ನೆಂಟರಿಷ್ಟರ ಪಾಲಿಗೆ ಕುಂಟುವ ಹುಡುಗಿ. ಬೇರೆಯವರೆಲ್ಲ ಹೊರಗೆ ಹುಷಾರಾಗಿದ್ದು ಮನೆಗೆ ಬಂದು ಹಾಯಾಗುತ್ತಾರೆ. ನನ್ನದು ತಿರುಗಾಮುರುಗಾ.

ಕಾಲೇಜಿನ ದಾರಿಯಲ್ಲಿ ನನ್ನನ್ನು ನೋಡಿ ಮೆಚ್ಚಿದ್ದ ಹುಡುಗನೊಬ್ಬ ಅಪ್ಪ ಅಮ್ಮನ ಜೊತೆ ಮನೆಗೇ ಬಂದ. ನಾನು ಅಡುಗೆಮನೆಯಿಂದ ಉಪ್ಪಿಟ್ಟಿನ ತಟ್ಟೆ ಹಿಡಿದು ಹಾಲಿಗೆ ಬರುವಷ್ಟರಲ್ಲಿ ಆ ಸಂಬಂಧ ಮುರಿದು ಬಿದ್ದಿತ್ತು. ಆಮೇಲೆ ಬಂದವರು ಇವರು. ಕೈಯಲ್ಲಿ ತಟ್ಟೆ ಹಿಡಿದು ನಾನು ಬಾಗಿಲು ದಾಟುತ್ತಿದ್ದಂತೆಯೇ ಎದ್ದು ಬಂದು, "ಕೊಡಿ ಇಲ್ಲಿ, ಆರೋಗತ್ತೆ" ಅಂತ ತಟ್ಟೆ ಇಸಿದುಕೊಂಡರು. ಒಳ್ಳೆಯ ಮನುಷ್ಯ ಎಂದು ಆ ಕ್ಷಣಕ್ಕೇ ಗೊತ್ತಾಯಿತು, ಮನಸ್ಸಿನಲ್ಲೇ ಒಪ್ಪಿಬಿಟ್ಟೆ. ಸಿಟ್ಟೂ ಅಷ್ಟೇ ಬಂತು. ಆ ತಟ್ಟೆಯನ್ನು ಅವರ ಕುರ್ಚಿಯ ತನಕ ನಾನೇ ಒಯ್ಯಬೇಕೆಂದು ಹಟ ಹಿಡಿದು ಹೊರಟಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಇವರ ಕೆಲಸದ ಮೇಲೆ ಸಿಡ್ನಿಗೆ ಬಂದೆವು. ಬಂದ ಮೊದಲ ವಾರ ನಾವಿದ್ದ ಯೂನಿಟ್ಟಿನ ಕೆಳಗಿನ ಮನೆಯ ಮುದುಕಿ ಟೀಗೆ ಕರೆದಳು. ಬಾಗಿಲಲ್ಲಿ ಬಗ್ಗಿ ಚಪ್ಪಲಿಗೆ ಕೈ ಹಾಕಿದರೆ ಅವಳು ನನ್ನ ತೋಳು ಹಿಡಿದು ಹಾಗೇ ಒಳಗೆ ಎಳೆದುಕೊಂಡಳು. ಬುದ್ಧಿ ಬಂದಾಗಿನಿಂದ ಮೊದಲ ಸಲ ಒಬ್ಬರ ಮನೆಯೊಳಗೆ ನಾನು ನೆಟ್ಟಗೆ ನಡೆದೆ. ಅವಳ ಟೀ ಹೇಗಿತ್ತು ಎಂದು ಕೇಳಬೇಡಿ. ನಾನು ಕಿಚನ್ನು, ಲಾಂಜು, ಹಿತ್ತಿಲು ಎಂದು ಸುಮ್ಮನೆ ಓಡಾಡಿದೆ. ಭಾರತದವರಿಗೆ ಮನೆ ನೋಡುವ ಚಪಲ ಜಾಸ್ತಿ ಎಂದು ಅವಳು ತಿಳಿದಿರಬೇಕು. ಮುಂದೆ ಅಲ್ಲಿಯೇ ಆಸ್ಪತ್ರೆಯ ಹತ್ತಿರ ಬೂಟು ಮಾಡುವ ಒಬ್ಬ ಗ್ರೀಕ್ ಮುದುಕ ಸಿಕ್ಕಿದ. ಕಾರ್ಕಿನ ಬೆಂಡು ಮತ್ತು ರಬ್ಬರು ಸೇರಿಸಿ ಎಡಗಾಲಿಗೆ ಒಂದಂಗುಲ ಎತ್ತರದ ಅಟ್ಟೆ ಕಟ್ಟಿ, ಕಂದು ಬಣ್ಣದ ಬೂಟು ಮಾಡಿಕೊಟ್ಟ. ಅದನ್ನು ಹಾಕಿಕೊಂಡ ಮೇಲೆ ಟೈರಿನ ಚಪ್ಪಲಿಯ ಟಪಟಪ ಸದ್ದೂ ನಿಂತಿತು.

ಆದರೆ ಕನ್ನಡದವರ ಮನೆಗೆ ಹೋದರೆ ಮತ್ತೆ ಅದೇ ಹೊಸ್ತಿಲು. ಬಾಗಿಲ ಬಳಿ ಬೂಟುಗಳ ರಾಶಿ, ಒಳಗೆ ಹಾಲಿನ ಬಣ್ಣದ ಕಾರ್ಪೆಟ್ಟು. "ಆಂಟಿ, ಪರವಾಗಿಲ್ಲ, ನೀವು ಹಾಕ್ಕೊಂಡೇ ಬನ್ನಿ" ಎನ್ನುವ ಒಳ್ಳೆಯ ಹುಡುಗಿಯರು ಎಲ್ಲ ಮನೆಯಲ್ಲೂ ಇದ್ದರು. ಹಾಗೆ ಅನ್ನಿಸಿಕೊಂಡ ಮೇಲಂತೂ ನಾನು ಬಿಚ್ಚದೆ ಒಳಗೆ ಹೋದವಳಲ್ಲ. ಇನ್ನು ಈ ದೇಶದ ಮತ್ತೊಂದು ದೇವಸ್ಥಾನ, ಬೀಚು. ಭಾನುವಾರವಾದರೆ ಸಾಕು, ಊರಿಗೆ ಊರೇ ಬರಿಗಾಲಲ್ಲಿ ಮರಳಿಗೆ ಇಳಿಯುತ್ತದೆ. ಇವರು ಮಗಳು ನಮಿತಾಳ ಕೈ ಹಿಡಿದು ನೀರಿಗೆ ಹೋಗುತ್ತಿದ್ದರು. ನಾನು ಬೂಟು ಹಾಕಿಕೊಂಡು ಮೇಲಿನ ಕಟ್ಟೆಯ ಮೇಲೆ ಕೂತು ಬ್ಯಾಗು ಕಾಯುತ್ತಿದ್ದೆ. ಬಾ ಎಂದರೆ, ಯಾರಾದರೂ ಬ್ಯಾಗು ನೋಡಿಕೊಳ್ಳಬೇಕಲ್ಲ ಎನ್ನುತ್ತಿದ್ದೆ. ಬ್ಯಾಗಿನಲ್ಲಿ ಇರುತ್ತಿದ್ದುದು ಎರಡು ಟವೆಲ್ಲು, ಒಂದು ಡಬ್ಬಿ ಚಕ್ಕುಲಿ. ಮೆಲ್ಬರ್ನಿಗೆ ಬಂದ ಮೇಲೆ ಬೀಚು ಬದಲಾಯಿತು, ಕಟ್ಟೆ ಬದಲಾಯಿತು, ಕಾವಲು ಬದಲಾಗಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಇವರಿಗೆ ಮೊರಾಕ್ಕೊ ದೇಶದ ಫೆಸ್ ಪಟ್ಟಣದಲ್ಲಿ ಅಣೆಕಟ್ಟುಗಳ ಮೇಲೆ ಕಾನ್ಫರೆನ್ಸು ಬಂತು. ನಮಿತಾಳನ್ನು ಸಿಡ್ನಿಯ ನಾದಿನಿಯ ಮನೆಯಲ್ಲಿ ಬಿಟ್ಟು ನಾನೂ ಹೊರಟೆ. ಫೆಸ್‌ನಲ್ಲಿ ಹೋಟೆಲುಗಳೆಲ್ಲ ಇರುವುದು ಹೊಸ ಊರಿನಲ್ಲಿ. ಹಳೆಯ ಊರು ಬೇರೆಯೇ, ಮಣ್ಣಿನ ಬಣ್ಣದ ಕೋಟೆಗೋಡೆಯೊಳಗೆ. ಕಾರಿಲ್ಲ, ಸ್ಕೂಟರಿಲ್ಲ, ಕಾಲು ಅಥವಾ ಹೇಸರಗತ್ತೆ. ಪಶ್ಚಿಮದ ನೀಲಿ ಬಾಗಿಲಿನಿಂದ ಇಳಿಯುತ್ತ ಹೋದರೆ ನಡುವೆ ಹೊಳೆ, ಹೊಳೆ ದಾಟಿ ಹತ್ತಿದರೆ ಇನ್ನೊಂದು ತುದಿಯಲ್ಲಿ ಬಾಬ್ ಫ್ತೂಹ್ ಎಂಬ ಬಾಗಿಲು. ಹೋಟೆಲಿನ ಭೂಪಟ ನೋಡಿದ ದಿನವೇ ನಾನು ನಿರ್ಧರಿಸಿದೆ, ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆದೇ ಹೋಗಬೇಕು, ಯಾರ ತೋಳನ್ನೂ ಹಿಡಿಯದೆ, ಯಾರಿಗೂ ಏನೂ ಗೊತ್ತಾಗದಂತೆ. ಇವರಿಗೆ ಹೇಳಿದರೆ ಕನ್ನಡಕದ ಮೇಲಿನಿಂದ ನೋಡಿದರು.

"ಅರ್ಧ ನೋಡಿದ್ರೆ ಸಾಕು ಕಣೇ. ಪೂರ್ತಿ ನೋಡೋಕೆ ನೀನೇನು ಎಕ್ಸಾಮ್ ಬರೀಬೇಕಾ?"

ಸಾಯಂಕಾಲ ಆ ಕಡೆಯ ಬಾಗಿಲಿಗೆ ಟ್ಯಾಕ್ಸಿ ತೆಗೆದುಕೊಂಡು ಬಂದು ನಿಲ್ಲಿ, ನಾನು ಒಳಗಿನಿಂದ ಬರುತ್ತೇನೆ ಎಂದೆ. ಒಪ್ಪಿಕೊಂಡರು. ಒಪ್ಪದಿದ್ದರೂ ಹೋಗುತ್ತೇನೆಂದು ಅವರಿಗೆ ಗೊತ್ತಿತ್ತು.

ಹೋಟೆಲಿನವರು ಗೊತ್ತುಮಾಡಿಕೊಟ್ಟ ಗೈಡ್ ಇದ್ರೀಸ್. ಅರವತ್ತರ ಆಸುಪಾಸು, ಕಾಲಿನ ತನಕ ಇಳಿಬಿದ್ದ ಬೂದು ನಿಲುವಂಗಿ, ಒಳ್ಳೆಯ ಇಂಗ್ಲಿಷು. ಅಲ್ಲಲ್ಲಿ ಹಿಂದಿ ಸಿನಿಮಾದಿಂದ ಕಲಿತ ಮಾತುಗಳನ್ನು ಉದುರಿಸುತ್ತಿದ್ದ. ಮೈಸೂರಿನವಳಾದ ನನ್ನ ಹಿಂದಿ ಅವನ ಹಿಂದಿಗಿಂತ ಸ್ವಲ್ಪವೇ ವಾಸಿ. ಅವನಲ್ಲಿ ನನಗೆ ಹಿಡಿಸಿದ ಗುಣವೆಂದರೆ ಸದಾ ಮುಂದೆ ನಡೆಯುವುದು. ಹಿಂತಿರುಗಿ ನೋಡದೆ, ಮುಂದೆ ಮುಖ ಮಾಡಿಕೊಂಡೇ ವಿವರಿಸುತ್ತ ಹೋಗುವನು. ನನ್ನ ನಡಿಗೆಯನ್ನು ಹಿಂದಿನಿಂದ ಯಾರೂ ನೋಡುತ್ತಿಲ್ಲ ಎಂಬುದೇ ನನಗೆ ಅರ್ಧ ಬಲ.

ಊರನ್ನು ಹೇಗೆ ವರ್ಣಿಸಲಿ? ಮೈಸೂರಿನ ದೊಡ್ಡ ಮಾರ್ಕೆಟ್ಟನ್ನು ಒಂದು ಗುಡ್ಡದ ಇಳಿಜಾರಿನಲ್ಲಿ ಸುರುವಿ ಸುತ್ತ ಗೋಡೆ ಕಟ್ಟಿದರೆ ಹೇಗೋ ಹಾಗೆ. ಓಣಿಯೊಳಗೆ ಓಣಿ, ಅದರೊಳಗೆ ಇನ್ನೊಂದು. ಎದುರಿಗೆ ಬಂದವರಿಗೆ ಅಡ್ಡ ತಿರುಗಿ ದಾರಿ ಬಿಡಬೇಕಾದಷ್ಟು ಇಕ್ಕಟ್ಟು. ಎರಡು ಕಡೆಗೂ ಮೂಟೆ ಹೇರಿದ ಹೇಸರಗತ್ತೆ ಬಂದರೆ ಗೋಡೆಗೆ ಅಂಟಿಕೊಳ್ಳುವುದೇ. ಅದನ್ನು ಹೊಡೆಯುವವನು "ಬಾಲಕ್, ಬಾಲಕ್" ಎಂದು ಕೂಗುತ್ತ ಬರುತ್ತಾನೆ, ದಾರಿ ಬಿಡಿ ಎಂದು ಅದರ ಅರ್ಥವಂತೆ. ಒಂದು ಕಡೆ ದೇವದಾರು ಕೊರೆಯುವ ಬಡಗಿಗಳ ಘಮ, ಇನ್ನೊಂದು ಕಡೆ ಹಿತ್ತಾಳೆ ಹಂಡೆ ತಟ್ಟುವವರ ಗದ್ದಲ, ಮತ್ತೊಂದು ಕಡೆ ಬಣ್ಣ ಅದ್ದಿ ನೇತುಹಾಕಿದ ನೂಲಿನಿಂದ ತಲೆಯ ಮೇಲೆ ತೊಟ್ಟಿಕ್ಕುವ ನೀರು. ಚರ್ಮ ಹದಮಾಡುವ ಜಾಗಕ್ಕೆ ಹೋಗುವಾಗ ಮೂಗಿಗೆ ಹಿಡಿದುಕೊಳ್ಳಲು ಪುದೀನದ ಕಡ್ಡಿ ಕೊಟ್ಟರು. ಅಮ್ಮನ ಚಟ್ನಿಯ ನೆನಪಾಗಿ ನಾನು ಅದರ ಎಲೆ ಕಿತ್ತು ತಿಂದುಬಿಟ್ಟೆ, ಆಮೇಲೆ ವಾಸನೆ ತಡೆಯಲಾಗದೆ ಒದ್ದಾಡಿದೆ.

ಚಪ್ಪಲಿ ಮಾಡುವವರದೇ ಒಂದು ಬೀದಿ. ಅರಿಸಿನ ಬಣ್ಣದ ತೆಳ್ಳನೆಯ ಚಪ್ಪಲಿಗಳು ಗೋಡೆಯ ತುಂಬ. ಒಂದನ್ನು ಕೈಯಲ್ಲಿ ಹಿಡಿದು ಸವರಿದೆ. ಎಷ್ಟು ಹಗುರ, ಎಷ್ಟು ಚಂದ, ಎಷ್ಟು ಚಪ್ಪಟೆ. ನನ್ನ ಪಾಲಿಗಲ್ಲ ಎಂದು ವಾಪಸು ಇಟ್ಟೆ. ಇಷ್ಟೆಲ್ಲ ಇಳಿದು ಬಂದರೂ ಕಾಲು ನೋಯಲಿಲ್ಲ, ಇದ್ರೀಸನಿಗೆ ಏನೂ ಗೊತ್ತಾಗಲಿಲ್ಲ. ಗ್ರೀಕ್ ಮುದುಕನನ್ನು ಮನಸ್ಸಿನಲ್ಲೇ ಹರಸಿದೆ.

ಅಂದು ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚುತ್ತವೆ, ಹೋಟೆಲುಗಳೂ ಸಿಗಲಾರವು, ನೀವು ನನ್ನ ಅಕ್ಕನ ಮನೆಯಲ್ಲಿ ಊಟ ಮಾಡಿ, ಅಷ್ಟರಲ್ಲಿ ನಾನು ನಮಾಜ್ ಮುಗಿಸಿ ಬರುತ್ತೇನೆ ಎಂದ ಇದ್ರೀಸ್. ಚಪ್ಪಲಿ ಬೀದಿಯ ಬೆನ್ನಿಗೇ ಅವನ ಅಕ್ಕ ಝೋಹ್ರಾಳ ಮನೆ. ಗೋಡೆಯಲ್ಲಿ ಒಂದು ಗಿಡ್ಡ ಬಾಗಿಲು. ಅವನು ತಟ್ಟಿದ, ಅವಳು ತೆರೆದಳು. ನಾನೋ, ಹೊಸ್ತಿಲು ಕಂಡದ್ದೇ ತಡ, ಯೋಚನೆಯನ್ನೇ ಮಾಡದೆ ಬಗ್ಗಿ ಬೂಟಿನ ಲೇಸು ಬಿಚ್ಚಿ, ಬೀದಿಯಲ್ಲೇ ಗೋಡೆಯ ಪಕ್ಕ ಎರಡನ್ನೂ ಜೋಡಿಸಿಟ್ಟು ಒಳಗೆ ಹೋದೆ. ಮೂವತ್ತೆಂಟು ವರ್ಷದ ಅಭ್ಯಾಸ. ಒಳಗೆ ಹೋದ ಮೇಲೆ ನೋಡುತ್ತೇನೆ, ಆ ಜನ ಚಪ್ಪಲಿ ಬಿಡುವುದು ಅಂಗಳ ದಾಟಿ, ಕೋಣೆಯ ಜಮಖಾನದ ಅಂಚಿನಲ್ಲಿ. ಝೋಹ್ರಾಳ ಮನೆಯವರದೆಲ್ಲ ಅಲ್ಲಿ ಸಾಲಾಗಿ ಇದ್ದವು. ಇಂಥ ಬೀದಿಯಲ್ಲಿ ಬೂಟು ಬಿಟ್ಟು ಬಂದೆನಲ್ಲ ಎಂದು ನಾನು ಹಿಂತಿರುಗುವಷ್ಟರಲ್ಲಿ, ತಮ್ಮ ಎತ್ತಿಕೊಂಡಿದ್ದಾನೆ, ಚಿಂತೆ ಬೇಡ ಎಂದು ಝೋಹ್ರಾ ಕೈಸನ್ನೆ ಮಾಡಿ ಕೂರಿಸಿದಳು.

ನಾನು ಕುಂಟುತ್ತ ಹೋಗಿ ಕೂತದ್ದನ್ನು ಝೋಹ್ರಾ ನೋಡಿದಳು. ಬೆನ್ನಿಗೆ ಇನ್ನೊಂದು ದಿಂಬು ತಂದಿಟ್ಟಳು, ಅಷ್ಟೆ. ಭಾಷೆಯೇ ಇಲ್ಲದೆ ನಾವಿಬ್ಬರೂ ಮಕ್ಕಳ ಫೋಟೋ ನೋಡಿದೆವು, ಬಳೆ ನೋಡಿದೆವು, ಸೀರೆಯ ಸೆರಗು ಅವಳ ತಲೆಗೆ ಹೊದಿಸಿ ನಕ್ಕೆವು. ಮಾಂಸ ತಿನ್ನುವುದಿಲ್ಲ ಎಂದು ತೋರಿಸಲು ನಾನು ಕುರಿಯಂತೆ ಕೂಗಿ ತಲೆಯಾಡಿಸಬೇಕಾಯಿತು. ಅವಳಿಗೆ ಅರ್ಥವಾಗಿ, ಕುಂಬಳಕಾಯಿ, ಗಜ್ಜರಿ, ಕಡಲೆ ಹಾಕಿದ ರವೆಯ ಬೆಟ್ಟವೊಂದನ್ನು ನನ್ನ ಕಡೆ ತಿರುಗಿಸಿಟ್ಟಳು. ನಮ್ಮ ಉಪ್ಪಿಟ್ಟಿನ ದೂರದ ನೆಂಟ. ಎರಡು ಸಲ ಬಡಿಸಿಕೊಂಡೆ.

ಇದ್ರೀಸ್ ವಾಪಸು ಬಂದಾಗ ನಾನಿನ್ನೂ ಊಟಕ್ಕೆ ಕೂತೇ ಇದ್ದೆ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. ಮುಖದಲ್ಲಿ ಮಕ್ಕಳಿಗೆ ಬೊಂಬೆ ತಂದ ಅಪ್ಪನ ಕಳೆ. ನನ್ನ ಮುಂದೆ ಇಟ್ಟು ಬಿಚ್ಚಿದ.

ನನ್ನ ಬೂಟು. ಎಡಗಾಲಿನದು ಇದ್ದ ಹಾಗೇ ಇತ್ತು. ಬಲಗಾಲಿನದರ ಅಡಿಯಲ್ಲಿ ಈಗ ಹೊಸ ಚರ್ಮದ ಪದರಗಳು, ಒಂದರ ಮೇಲೊಂದು, ಸರಿಯಾಗಿ ಒಂದಂಗುಲ. ಅಂಚನ್ನು ಉಜ್ಜಿ, ಎಡಗಾಲಿನದಕ್ಕೇ ಹೊಂದುವ ಕಂದು ಬಣ್ಣ ಬಳಿದು, ಮೇಣ ತಿಕ್ಕಿ ಹೊಳೆಯುವಂತೆ ಮಾಡಿದ್ದರು. ಬಾಗಿಲಲ್ಲಿ ಬಿಟ್ಟಿದ್ದನ್ನು ನೋಡಿದೆ, ಒಂದರ ಅಟ್ಟೆ ಎಲ್ಲೋ ಕಿತ್ತು ಬಿದ್ದುಹೋಗಿದೆ, ಹೀಗೇ ಬೆಳಗಿನಿಂದ ನಡೆದಿದ್ದೀರಲ್ಲ ಮಾದಾಂ, ಹೇಳಬಾರದಿತ್ತೇ ಎಂದ ಇದ್ರೀಸ್. ಅವನ ಸೋದರಸಂಬಂಧಿಯ ಅಂಗಡಿಯಂತೆ. ಬಾಗಿಲು ಹಾಕುತ್ತಿದ್ದವನನ್ನು ತಡೆದು ಕೂರಿಸಿ ಮಾಡಿಸಿದ್ದನಂತೆ. ಎರಡನ್ನೂ ಜೋಡಿಸಿ ಹಿಡಿದು, ನೋಡಿ, ಈಗ ಎರಡೂ ಸಮ ಎಂದು ತೋರಿಸಿದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬೂಟು ನನ್ನ ಕಾಲು. ಅದಿಲ್ಲದೆ ನಾನು ಬೀದಿಗೆ ಇಳಿದವಳೇ ಅಲ್ಲ. ಬಿಚ್ಚಿಸೋಣವೆಂದರೆ ಅಂಗಡಿಗಳೆಲ್ಲ ಮುಚ್ಚಿವೆ, ಕಿತ್ತು ಹಾಕೋಣವೆಂದರೆ ಮೊಳೆ ಹೊಡೆದ ಕೈ ಗಟ್ಟಿ. ಝೋಹ್ರಾ ಬೂಟನ್ನೂ ನನ್ನ ಕಾಲನ್ನೂ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತು. ತಮ್ಮನಿಗೆ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಒತ್ತಿದೆ. ಇದ್ರೀಸನ ಕಡೆ ತಿರುಗಿ, ತುಂಬ ಚೆನ್ನಾಗಿದೆ ಎಂದೆ. ಸುಳ್ಳಲ್ಲ, ಕೆಲಸ ನಿಜವಾಗಿಯೂ ಚೆನ್ನಾಗಿತ್ತು.

ಹಾಕಿಕೊಂಡು ಎದ್ದೆ. ಬರಿಗಾಲಿನಲ್ಲಿದ್ದುದಕ್ಕಿಂತ ಒಂದಂಗುಲ ಎತ್ತರದ ಕುಂಟಿಯಾಗಿದ್ದೆ.

ಇಲ್ಲಿಂದಲೇ ಹಿಂತಿರುಗಬಹುದಿತ್ತು. ಹೇಸರಗತ್ತೆಯ ಮೇಲೆ ಕೂರಬಹುದಿತ್ತು. ಅರ್ಧ ಸಾಕು ಎಂದ ಇವರ ಮಾತು ಕಿವಿಯಲ್ಲಿತ್ತು. ಅದು ನೆನಪಾದದ್ದೇ ಒಳ್ಳೆಯದಾಯಿತು ಎನ್ನಬೇಕು, ನನ್ನ ಹಟ ತಲೆಗೇರಿತು. ಬೀದಿಗೆ ಇಳಿದೆ.

ಹೊಳೆಯ ಸೇತುವೆಯ ತನಕ ಇದ್ರೀಸ್ ಎಂದಿನಂತೆ ಮುಂದೆ. ಅವನ ಹಿಂದೆ ನಾನು, ಒಂದು ಕಡೆ ವಾಲಿ, ಮತ್ತೆ ಎದ್ದು. ಶುಕ್ರವಾರದ ಮಧ್ಯಾಹ್ನ, ಕಟ್ಟೆಗಳ ಮೇಲೆ ಬಿಸಿಲು ಕಾಯುತ್ತ ಕೂತ ಜನ. ಎಲ್ಲರೂ ನೋಡಿದರು. ಜನ್ಮದಲ್ಲಿ ಮೊದಲ ಸಲ ನಾನು ಬೀದಿಯಲ್ಲಿ ಕುಂಟುತ್ತಿದ್ದೆ, ಅದೂ ಗುರುತೇ ಇಲ್ಲದವರ ಎದುರು. ನೆಲ ನೋಡುತ್ತ ನಡೆದೆ. ಸೇತುವೆಯ ಆಚೆ ಏರು ಶುರುವಾಯಿತು. ನನ್ನ ಹೆಜ್ಜೆಯ ಸದ್ದಿನಲ್ಲಿ ಏನೋ ವ್ಯತ್ಯಾಸ ಕೇಳಿಸಿರಬೇಕು, ಇದ್ರೀಸ್ ಅಂದು ಮೊದಲ ಸಲ ಹಿಂತಿರುಗಿ ನೋಡಿದ. ಹೊಸ ಅಟ್ಟೆ ಕಚ್ಚುತ್ತಿದೆಯೇ ಎಂದು ಗಾಬರಿಯಿಂದ ಕೇಳಿದ.

"ಇಲ್ಲ, ಬೂಟು ಸರಿಯಾಗಿದೆ. ಕಾಲು ಗಿಡ್ಡ," ಎಂದೆ.

ಎಷ್ಟು ಸುಲಭವಾಗಿ ಹೇಳಿಬಿಟ್ಟೆ. ಮೂವತ್ತೆಂಟು ವರ್ಷ ಯಾವ ಮಾತನ್ನು ಹೇಳಬಾರದೆಂದು ಅಪ್ಪ, ಚಪ್ಪಲಿಯವನು, ಗ್ರೀಕ್ ಮುದುಕ ಎಲ್ಲ ಸೇರಿ ದುಡಿದಿದ್ದರೋ ಅದು ಒಂದು ಉಸಿರಿನಲ್ಲಿ ಹೊರಗೆ ಬಿತ್ತು. ಇದ್ರೀಸ್ ಬೂಟು ನೋಡಿದ, ನನ್ನ ಮುಖ ನೋಡಿದ, ಹೋಗಿ ಗೋಡೆಗೊರಗಿ ನಿಂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. ಕತ್ತೆ ತರಿಸುತ್ತೇನೆ ಎಂದ, ಬೇಡವೆಂದೆ. ತೋಳು ಮುಂದೆ ಮಾಡಿದ, ಅದೂ ಬೇಡವೆಂದೆ. ಆ ಬಾಗಿಲು ಇನ್ನೆಷ್ಟು ದೂರ, ಅಷ್ಟು ಹೇಳು ಸಾಕು ಎಂದೆ. ಇನ್ನೂ ಇದೆ, ಇಡೀ ಏರು ಎಂದ. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲವಲ್ಲ ಎಂದು ಅವನ ಮೇಲೆ ಗೌರವ ಬಂತು.

ಅಲ್ಲಿಂದ ಮುಂದೆ ಅವನು ನನ್ನ ಪಕ್ಕದಲ್ಲಿ ನಡೆದ. ಮಸೀದಿ, ಕೊಳಾಯಿ, ರೊಟ್ಟಿ ಸುಡುವ ಒಲೆ ಎಂದು ಮೊದಲಿನ ಹಾಗೆಯೇ ವಿವರಿಸುತ್ತಿದ್ದ, ಆದರೆ ನಿಧಾನವಾಗಿ. ನಾನೂ ನೆಲ ನೋಡುವುದು ಬಿಟ್ಟು ಅವನು ತೋರಿಸಿದ್ದನ್ನು ನೋಡತೊಡಗಿದೆ. ಮೀನಖಂಡ ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು. ಎರಡು ಸಲ ಕಟ್ಟೆಯ ಮೇಲೆ ಕೂತು ಎದ್ದೆ. ನೋಡುವವರು ನೋಡಿದರು, ಆಮೇಲೆ ತಮ್ಮ ಮಾತಿಗೆ ತಿರುಗಿಕೊಂಡರು. ಅಷ್ಟೇ. ಇಷ್ಟು ವರ್ಷ ನಾನು ಹೆದರಿದ್ದು ಇಷ್ಟಕ್ಕೇನೇ ಎಂದು ಆ ಏರಿನಲ್ಲಿ ಏದುಸಿರು ಬಿಡುತ್ತ ಯೋಚಿಸಿದೆ.

ಓಣಿ ಅಗಲವಾಯಿತು, ಬೆಳಕು ಹೆಚ್ಚಿತು, ಕೋಟೆಬಾಗಿಲು ಕಂಡಿತು. ಬಾಗಿಲ ಕೆಳಗೆ ಇವರು ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿದರು, ಎತ್ತಿದ ಕೈ ಹಾಗೇ ನಿಂತಿತು. ಮನೆಯೊಳಗೆ ಮಾತ್ರ ಕಂಡಿದ್ದ ನಡಿಗೆಯನ್ನು ನಡುಬೀದಿಯಲ್ಲಿ ನೋಡುತ್ತಿದ್ದರು. ದಡಬಡ ಇಳಿದು ಬರತೊಡಗಿದರು, ಥೇಟ್ ಉಪ್ಪಿಟ್ಟಿನ ತಟ್ಟೆ ಇಸಿದುಕೊಳ್ಳಲು ಬಂದ ಹಾಗೆ. ನಾನು ಅಲ್ಲಿಯೇ ನಿಂತು, ಅಂಗೈ ಮುಂದೆ ಮಾಡಿ ತಡೆದೆ. ಅವರಿಗೆ ಅರ್ಥವಾಯಿತು. ಹಿಂದೆ ಹಿಂದೆ ಹೆಜ್ಜೆ ಇಟ್ಟು ಮತ್ತೆ ಬಾಗಿಲ ಕೆಳಗೇ ಹೋಗಿ ನಿಂತುಕೊಂಡರು. ಈ ಸಲ ತಟ್ಟೆಯನ್ನು ಕುರ್ಚಿಯ ತನಕ ನಾನೇ ಒಯ್ದೆ.

ಟ್ಯಾಕ್ಸಿಯಲ್ಲಿ ಇವರು ಬೂಟು ತಿರುಗಿಸಿ ತಿರುಗಿಸಿ ನೋಡಿದರು. ಕೆಲಸ ಫಸ್ಟ್ ಕ್ಲಾಸ್ ಕಣೇ, ಮಾಡಿದ್ದು ಮಾತ್ರ ಬೇರೆ ಪೇಷಂಟಿಗೆ ಎಂದರು. ಇಬ್ಬರೂ ಹೋಟೆಲ್ ಬರುವ ತನಕ ನಕ್ಕೆವು. ಮುಂದೆ ಸಿಡ್ನಿಗೆ ಹೋದಾಗ ಗ್ರೀಕ್ ಮುದುಕ, ಇದೇನಾಯಿತು, ಬಲಗಾಲಿನ ಅಟ್ಟೆ ಬಿಚ್ಚಿಬಿಡಲೇ ಎಂದು ಕೇಳಿದ. ಬೇಡ, ಹೊಸದು ಒಂದು ಜೊತೆ ಮಾಡಿಕೊಡಿ ಎಂದೆ. ಅಂಥದ್ದನ್ನೇ ಈಗಲೂ ದಿನಾ ಹಾಕಿಕೊಳ್ಳುವುದು. ಇದ್ರೀಸ್ ಸರಿಮಾಡಿಸಿದ ಈ ಜೊತೆ ಗರಾಜಿನ ಸ್ಟ್ಯಾಂಡಿಗೆ ಹೋಯಿತು.

ಆ ಡಿಸೆಂಬರಿನ ಒಂದು ಭಾನುವಾರ ಮೆಲ್ಬರ್ನಿನ ಬೀಚಿಗೆ ಹೋದೆವು. ಎಂದಿನಂತೆ ಇವರೂ ನಮಿತಾಳೂ ನೀರಿಗೆ ಹೋದರು, ನಾನು ಕಟ್ಟೆಯ ಮೇಲೆ ಬ್ಯಾಗು ಹಿಡಿದು ಕೂತೆ. ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಲೇಸು ಬಿಚ್ಚಿದೆ, ಬೂಟು ಎರಡನ್ನೂ ಬ್ಯಾಗಿನ ಪಕ್ಕ ಜೋಡಿಸಿಟ್ಟೆ, ಮರಳಿಗೆ ಇಳಿದೆ. ಮರಳು ಕಾದಿತ್ತು. ಊರಿನ ಅರ್ಧ ಜನ ಅಲ್ಲಿ ಮಲಗಿದ್ದರು. ಅವರ ಟವೆಲ್ಲುಗಳ ನಡುವೆ ಕುಂಟುತ್ತ, ಆತುರವಿಲ್ಲದೆ ನೀರಿನ ಕಡೆ ನಡೆದೆ. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನಮಿತಾ ನನ್ನನ್ನು ನೋಡಿ ಓಡಿ ಬಂದಳು.

"ಅಮ್ಮಾ, ಯು ಫರ್ಗಾಟ್ ಯುವರ್ ಶೂಸ್."

"ಮರೆತಿಲ್ಲ ಪುಟ್ಟಿ. ಬ್ಯಾಗು ಕಾಯೋಕೆ ಬಿಟ್ಟು ಬಂದಿದ್ದೀನಿ," ಎಂದೆ.